ಹದಿನಾರು ಖಾನೆಗಳ ಕಾವಲು

ಬಾಗಲಕೋಟೆಯಲ್ಲಿ ಒಂದು ತಾಂತ್ರಿಕ ಕಾಲೇಜು, ಅದರ ಹಿಂದೆ ಸಾಲಾಗಿ ಎಂಟು ಕ್ವಾರ್ಟರ್ಸು. ಆ ಸಾಲಿನ ಮಂದಿ ಕೊನೆಯ ಮನೆಯ ಶಿವಸಂಗಪ್ಪನ ಬಗ್ಗೆ ಆಡಿಕೊಳ್ಳುತ್ತಿದ್ದ ಮಾತು ಒಂದೇ. "ಆ ಮನಷ್ಯಾ ಹೇಣ್ತಿ ಹತ್ತ ಸಲ ಕರದ್ರೂ ಓ ಅನ್ನಂಗಿಲ್ಲ. ಗಂಟಿ ಒಂದ್ ಸಲ ಹೊಡೀತಂದ್ರ ಉಣ್ಣೂ ತಾಟ ಬಿಟ್ಟು ಓಡ್ತಾನ."

ನಳದ ಹತ್ತಿರ ಕೊಡ ಹಿಡಿದು ನಿಂತಾಗ ಪಕ್ಕದ ಮನೆಯ ಮೌಲಾಬಿ ಇದಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಆಕೆಯ ಗಂಡ ಮಲೀಕಸಾಬ ಕಾಲೇಜಿನ ಜವಾನ, ಹಾಗಾಗಿ ಒಳಗಿನ ಸುದ್ದಿಯೆಲ್ಲ ಆಕೆಗೆ ಬಿಸಿಬಿಸಿಯಾಗಿ ಸಿಗುತ್ತಿತ್ತು.

"ಲಕ್ಕವ್ವಕ್ಕಾ, ನಿನಗೊಬ್ಬಾಕಿ ಸವತಿ ಅದಾಳ ನೋಡು. ಹಗಲೆಲ್ಲಾ ಥಂಡಿ ಖೋಲ್ಯಾಗ ಕುಂದರ್ತಾಳ. ಬಿಸಲು ಅಂದ್ರ ಏನಂತ ಗೊತ್ತಿಲ್ಲ ಆಕಿಗೆ."

ಶಿವಸಂಗಪ್ಪನ ಹೆಂಡತಿ ಲಕ್ಕವ್ವ ತುಂಬಿದ ಕೊಡವನ್ನು ಸೊಂಟಕ್ಕಿಟ್ಟುಕೊಂಡು, "ಇರ್ಲೇಳವಾ. ಆಕಿ ಅರಿವಿ ಒಗಿಯೂ ಕೆಲಸ ನನಗಿಲ್ಲಲ್ಲಾ, ಅಷ್ಟ ಪುಣ್ಯೇವು" ಎನ್ನುತ್ತಿದ್ದಳು.

ನಳದ ಮಂದಿ ಗೊಳ್ಳೆಂದು ನಗುತ್ತಿದ್ದರು. ಹಾಗೆ ನಗಿಸಿ ಮನೆಗೆ ಬಂದವಳು ಕೊಡ ಇಳಿಸಿ, ಒಂದು ಗಳಿಗೆ ತಲೆಯೆತ್ತಿ ಅಟ್ಟ ನೋಡುತ್ತಿದ್ದಳು. ಅದನ್ನು ಕಂಡವನು ಶಿವಸಂಗಪ್ಪ ಒಬ್ಬನೇ. ಕಂಡೂ ಕಾಣದವನಂತೆ ಇರುತ್ತಿದ್ದ.

ಅಟ್ಟದ ಮೇಲೆ ಒಂದು ಮಗ್ಗವಿತ್ತು. ಬಿಚ್ಚಿ, ಗೋಣಿಚೀಲ ಸುತ್ತಿ, ಹುರಿಯಿಂದ ಬಿಗಿದು ಕಟ್ಟಿಟ್ಟ ಮಗ್ಗ. ಇಳಕಲ್ಲಿನಲ್ಲಿ ಲಕ್ಕವ್ವ ಅದರ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಳೆಂದರೆ ಓಣಿಯ ಮಂದಿ ಅವಳ ಲಾಳಿಯ ಸಪ್ಪಳ ಕೇಳಿಯೇ ಹೊತ್ತೆಷ್ಟಾಯಿತೆಂದು ಹೇಳುತ್ತಿದ್ದರು. ಕೆಂಪು ರೇಷ್ಮೆಯ ಸೆರಗು ಹಾಕುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಕ್ವಾರ್ಟರ್ಸಿನ ಕೊನೆಯ ಮನೆಗೂ ಕಂಪ್ಯೂಟರ್ ಖೋಲಿಗೂ ಗೋಡೆ ಒಂದೇ. ನೂಲಿನ ಹಿಂಜು ಹಾರಿ ಯಂತ್ರದೊಳಗೆ ಹೋದರೆ ಕೆಡುತ್ತದೆ, ಮನೆಯಲ್ಲಿ ಮಗ್ಗ ಹೂಡಕೂಡದು ಎಂದು ವಿಭಾಗದ ದೊಡ್ಡ ಸಾಹೇಬರು ಮೊದಲ ದಿನವೇ ಹೇಳಿದ್ದರು.

"ಒಂದ್ ವರ್ಷ ತಡಿ ಲಕ್ಕಿ" ಎಂದಿದ್ದ ಶಿವಸಂಗಪ್ಪ. "ಮಿಷನ್ ಒಂದು ಹಾದಿಗೆ ಹಚ್ಚತೇನಿ. ಆಮ್ಯಾಲ ಇಳಕಲ್ಲಿಗೆ ಹೋಗಿಬಿಡೂಣು."

ಅದು ೧೯೮೪ರ ಯುಗಾದಿಯ ಮಾತು. ಆಮೇಲೆ ಪ್ರತಿ ಯುಗಾದಿಗೆ ಲಕ್ಕವ್ವ ಅಟ್ಟದಿಂದ ಲಾಳಿಯೊಂದನ್ನೇ ಇಳಿಸಿ, ಎಣ್ಣೆ ಬಟ್ಟೆಯಿಂದ ಒರೆಸಿ, ಮತ್ತೆ ಮೇಲಿಡುತ್ತಿದ್ದಳು. ಬಾಯಿಬಿಟ್ಟು ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಶಿವಸಂಗಪ್ಪನಿಗೆ ಹಗುರಾಗುತ್ತಿತ್ತು.

ಇನ್ನು ಆ ಸವತಿಯ ಕಥೆ. ಮುಂಬಯಿಯಿಂದ ಲಾರಿಯಲ್ಲಿ, ಒಣಹುಲ್ಲಿನ ಮೇಲೆ ಮಲಗಿಕೊಂಡು ಬಂದ ಕಂಪ್ಯೂಟರ್ ಅದು. ಕಬ್ಬಿಣದ ಕಪಾಟಿನಷ್ಟು ದೊಡ್ಡದು. ಅದಕ್ಕೆ ನಾಲ್ಕು ಪರದೆ, ನಾಲ್ಕು ಕೀಲಿಮಣೆ, ಮತ್ತೆ ಕಾಗದದ ಮೇಲೆ ತಾನೇ ಪೆನ್ನು ಓಡಿಸಿ ನಕ್ಷೆ ಬರೆಯುವ ಪ್ಲಾಟರ್ ಒಂದು. ಇವೆಲ್ಲದರ ನಡುವೆ ಒಂದು ಚಿಕ್ಕ ಡಬ್ಬಿ. ಹುಡುಗರು ಕೀಲಿ ಒತ್ತಿ ಎಳೆದ ಗೆರೆಗಳೆಲ್ಲ ಮೊದಲು ಆ ಡಬ್ಬಿಯ ಮೆಮರಿಯಲ್ಲಿ ಹೋಗಿ ಕೂರಬೇಕು, ಅಲ್ಲಿಂದ ಪರದೆಗೋ ಪ್ಲಾಟರಿಗೋ ಬರಬೇಕು. ಮೆಮರಿ ಒಂದೇ, ಅದನ್ನು ಉಣ್ಣುವ ಬಾಯಿ ಐದು. ಒಳಗೆ ಹದಿನಾರು ಖಾನೆ. ಯಾವ ಖಾನೆಯಲ್ಲಿ ಯಾರ ನಕ್ಷೆ ಇದೆ, ಯಾವುದು ಖಾಲಿ, ಯಾವುದನ್ನು ಯಾರಿಗೆ ಕೊಡಬಹುದು ಎಂದು ಹೇಳುವ ವ್ಯವಸ್ಥೆ ಮಾತ್ರ ಯಂತ್ರದ ಜೊತೆ ಬಂದಿರಲಿಲ್ಲ. ಯಂತ್ರವನ್ನೆಲ್ಲ ನಡೆಸುವ ಮೂಲ ಪ್ರೋಗ್ರಾಮು, ಆಪರೇಟಿಂಗ್ ಸಿಸ್ಟಮ್ ಅನ್ನುತ್ತಾರಲ್ಲ, ಅದಕ್ಕೆ ಈ ಡಬ್ಬಿಯ ಪರಿಚಯವೇ ಇರಲಿಲ್ಲ. ಖಾನೆಗಳಿಗೆ ಗುರುತು ಹಚ್ಚುವ ಕೆಲಸ ನಿಮ್ಮದು ಎಂದು ಹೇಳಿ, ಜೋಡಿಸಲು ಬಂದ ಇಂಜಿನಿಯರು ಸಂಜೆಯ ಗಾಡಿ ಹತ್ತಿ ಹೋದ.

ಕೆಲಸ ಬಂದು ಬಿದ್ದದ್ದು ಆಪರೇಟರ್ ಶಿವಸಂಗಪ್ಪನ ಮೇಲೆ. ಬಿ.ಎಸ್ಸಿ. ಓದಿ, ಹುಬ್ಬಳ್ಳಿಯಲ್ಲಿ ಆರು ತಿಂಗಳು ಪ್ರೋಗ್ರಾಮಿಂಗ್ ಕಲಿತು ಬಂದ ಮೂವತ್ತೆರಡರ ಮನುಷ್ಯ. ಅವನು ಗಾಬರಿಯಾಗಲಿಲ್ಲ. ಇದು ತನ್ನ ಮನೆತನದ ಕೆಲಸವೇ ಅಂದುಕೊಂಡ. ತಪ್ಪಿದ್ದೇ ಅಲ್ಲಿ.

ಇಳಕಲ್ಲಿನಲ್ಲಿ ಅವನ ಮನೆಯದು ನೂಲಿಗೆ ಬಣ್ಣ ಹಾಕುವ ಕಸುಬು. ಅವನು ಹುಡುಗನಾಗಿದ್ದಾಗ ನಲವತ್ತು ನೇಕಾರ ಮನೆಗಳ ನೂಲು ಅವರ ಒಂದೇ ಹಂಡೆಯಲ್ಲಿ ಮುಳುಗಿ ಏಳುತ್ತಿತ್ತು. ಕೆಂಪಿನಿಂದ ಎದ್ದ ಮೇಲೆ ಯಾರ ನೂಲು ಯಾರದೆಂದು ಹೇಗೆ ಹೇಳುವುದು? ಅದಕ್ಕೆ ಅವನ ತಾಯಿ ಶೇಖವ್ವ ಪ್ರತಿ ಮನೆಯ ನೂಲಿನ ಲಡಿಗೂ ಒಂದೊಂದು ಬಗೆಯ ಗಂಟು ಹಾಕುತ್ತಿದ್ದಳು. ಎರಡೆಳೆಯ ಗಂಟು ಮೇಲಿನ ಓಣಿಯವರದು, ಮೂರು ಸುತ್ತಿನದು ಅಗಸಿ ಮನೆಯವರದು, ಹೀಗೆ ನಲವತ್ತು ಗಂಟು. ಒಂದು ಮನೆಗೆ ಒಮ್ಮೆ ಗಂಟು ಬಿತ್ತೆಂದರೆ ಅದು ಮಗನ ಕಾಲಕ್ಕೂ ಮೊಮ್ಮಗನ ಕಾಲಕ್ಕೂ ಆ ಮನೆಯದೇ. ಎಲ್ಲವೂ ಶೇಖವ್ವನ ತಲೆಯಲ್ಲಿ. ಒಂದು ಲಡಿಯೂ ಅದಲುಬದಲಾದದ್ದಿಲ್ಲ. ಕೆರೂರಿನಲ್ಲಿ ಒಡಹುಟ್ಟಿದ ತಂಗಿಯ ಮದುವೆ ನಡೆದಾಗಲೂ ಶೇಖವ್ವ ಹೋಗಲಿಲ್ಲ. ಹಂಡೆ ಒಲೆಯ ಮೇಲಿತ್ತು, ಗಂಟು ಬಲ್ಲವರು ಬೇರೆ ಯಾರೂ ಇರಲಿಲ್ಲ. "ನಮ್ಮವ್ವ ಇಲ್ಲದ ಬಣ್ಣದ ಮನಿ ನಡ್ಯೂದಿಲ್ಲ" ಎಂದು ಶಿವಸಂಗಪ್ಪ ಕಾಲೇಜಿನ ಗೆಳೆಯರ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದ. ಆ ಮಾತಿನ ಇನ್ನೊಂದು ಮಗ್ಗುಲನ್ನು ಅವನು ತಿರುವಿ ನೋಡಿರಲಿಲ್ಲ.

ಈಗ ಅವನೂ ತಾಯಿಯ ಹಾದಿಯನ್ನೇ ಹಿಡಿದ. ವಿದ್ಯಾರ್ಥಿಗಳು ಎಪ್ಪತ್ತು ಜನ, ಖಾನೆ ಹದಿನಾರು. ಪ್ರತಿಯೊಬ್ಬನಿಗೂ ಒಂದು ಖಾನೆ ಗೊತ್ತು ಮಾಡಿದ. ಒಂದೊಂದು ಖಾನೆ ನಾಲ್ಕೈದು ಜನರ ಪಾಲಿಗೆ. ಹುಡುಗ ಒಳಗೆ ಬಂದರೆ ಶಿವಸಂಗಪ್ಪ ಮುಖ ನೋಡಿ ಅವನ ಖಾನೆ ತೆರೆದುಕೊಡುತ್ತಿದ್ದ, ಹುಡುಗ ಎದ್ದು ಹೋದರೆ ಮುಚ್ಚುತ್ತಿದ್ದ. ಅದೇ ಖಾನೆಯ ಇನ್ನೊಬ್ಬ ಬಾಗಿಲಲ್ಲಿ ಕಾದು ನಿಂತಿದ್ದರೆ, "ಇನ್ನೂ ಹೊತ್ತೈತಿ, ಚಾ ಕುಡ್ದು ಬಾ ಹೋಗು" ಎಂದು ಕಳಿಸುತ್ತಿದ್ದ. ಚೀಟಿ ಇಲ್ಲ, ಪಟ್ಟಿ ಇಲ್ಲ. ನೋಡಿದವರೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ದೊಡ್ಡ ಸಾಹೇಬರು ಹೊರಗಿನಿಂದ ಬಂದವರಿಗೆ ಯಂತ್ರ ತೋರಿಸುವ ಮೊದಲು ಶಿವಸಂಗಪ್ಪನನ್ನು ತೋರಿಸುತ್ತಿದ್ದರು. ಅವನ ಎದೆ ಉಬ್ಬುತ್ತಿತ್ತು. ಉಬ್ಬಿದ ಎದೆಯನ್ನು ಕುರ್ಚಿಯಿಂದ ಎಬ್ಬಿಸುವುದು ಸುಲಭವಲ್ಲ ಎಂಬುದು ಆಗ ಅವನಿಗೆ ತಿಳಿಯಲಿಲ್ಲ.

೧೯೮೬ರ ಮಾರ್ಚಿನಲ್ಲಿ ಆಗಬಾರದ್ದು ಆಯಿತು. ಕೊನೆಯ ವರ್ಷದ ಇಬ್ಬರು ಹುಡುಗರು, ಹುನಗುಂದದ ಮುತ್ತಪ್ಪ, ಬಾದಾಮಿ ಕಡೆಯ ಕನಕಪ್ಪ. ಇಬ್ಬರದೂ ಏಳನೆಯ ಖಾನೆ. ಮುತ್ತಪ್ಪ ಮೂರು ವಾರ ಲೆಕ್ಕ ಹಾಕಿ, ಆ ದಿನ ಮುಂಜಾನೆಯಿಂದ ಎದ್ದೇಳದೆ ಕೂತು ಒಂದು ಸೇತುವೆಯ ನಕ್ಷೆ ತುಂಬಿದ್ದ. ಅದನ್ನು ಪ್ಲಾಟರಿಗೆ ಹಚ್ಚಿ, ಪೆನ್ನು ಓಡಲು ಸುರುವಾದದ್ದೇ ತಡ, ಚಹಾ ಕುಡಿಯಲು ಎದ್ದು ಹೋದ. ಶಿವಸಂಗಪ್ಪ ನೋಡಿದ, ಮುತ್ತಪ್ಪನ ಮುಖ ಬಾಗಿಲು ದಾಟಿತು. ಅಂದರೆ ಏಳನೆಯ ಖಾನೆ ಖಾಲಿ. ಕನಕಪ್ಪನನ್ನು ಕರೆದು ಕೂರಿಸಿದ. ಕನಕಪ್ಪ ತನ್ನ ನೀರಿನ ಟಾಕಿಯ ನಕ್ಷೆಯನ್ನು ಅದೇ ಖಾನೆಗೆ ತುಂಬಿದ. ಪ್ಲಾಟರ್ ಮಾತ್ರ ಇನ್ನೂ ಆ ಖಾನೆಯಿಂದಲೇ ಓದುತ್ತಿತ್ತು, ಪಾಪ ಅದಕ್ಕೆ ಮುಖವೆಲ್ಲಿದೆ?

ಕಾಗದ ಹೊರಬಂದಾಗ ಅರ್ಧ ಸೇತುವೆ, ಅದರ ನಡುಮಧ್ಯದಿಂದ ಎದ್ದು ನಿಂತ ಟಾಕಿ.

ಕನಕಪ್ಪ ಬಗ್ಗಿ ನೋಡಿ, "ಸರ, ನನ್ನ ಟಾಕಿ ಯಾರ್ದೋ ಬ್ರಿಜ್ ಮ್ಯಾಲ ಹೋಗಿ ಕುಂತೈತ್ರಿ!" ಎಂದು ನಕ್ಕ. ಚಹಾ ಕುಡಿದು ಬಂದ ಮುತ್ತಪ್ಪ ನಗಲಿಲ್ಲ. ಡಬ್ಬಿಯಲ್ಲಿದ್ದದ್ದೊಂದೇ ಪ್ರತಿ, ಅದು ಹೋಗಿತ್ತು. ನಾಳೆ ಒಪ್ಪಿಸುವ ದಿನ. ಅವನು ಗೋಡೆಗೆ ಬೆನ್ನು ಹಚ್ಚಿ ನೆಲಕ್ಕೆ ಕುಸಿದು, "ಸರ, ನೀವು ಇದ್ರಲ್ಲರಿ... ನೀವು ಇಲ್ಲೇ ಇದ್ರಲ್ಲರಿ" ಅಂದ. ಆರು ತಿಂಗಳ ಮೇಲೆ ಮತ್ತೆ ಪರೀಕ್ಷೆಗೆ ಕೂತು ಪಾಸಾದ, ಆ ಮಾತು ಬೇರೆ. ಆದರೆ ಶಿವಸಂಗಪ್ಪನ ಕಿವಿಯಲ್ಲಿ ಉಳಿದದ್ದು ಆ ಒಂದು ಮಾತು.

ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಯಾಕೆ ಹೀಗಾಯಿತೆಂದು ಕೂತು ಯೋಚಿಸುತ್ತಿದ್ದನೋ ಏನೋ. ದೊಡ್ಡ ಸಾಹೇಬರು ಬೆನ್ನು ಚಪ್ಪರಿಸಿ, "ನಿಮ್ಮ ಕಣ್ಣು ಒಂದ್ ಘಳಿಗಿ ಆ ಕಡಿ ಹೊಳ್ಳೇತಿ, ಅದಕ್ಕ ಹಿಂಗಾತು. ಇನ್ನ ಮ್ಯಾಲ ನೀವು ಅಲ್ಲಿಂದ ಅಲಗ್ಯಾಡಬಾರದು ನೋಡ್ರಿ" ಎಂದರು. ಅವನಿಗೂ ಅದೇ ಸರಿ ಅನ್ನಿಸಿತು. ಮಾರನೆಯ ವಾರವೇ ಕಂಪ್ಯೂಟರ್ ಖೋಲಿಯಿಂದ ಅವನ ಮನೆಗೆ ಒಂದು ವೈರು ಬಂತು. ವೈರಿನ ತುದಿಗೆ ಒಂದು ಗಂಟೆ. ಅಟ್ಟದ ತೊಲೆಗೆ, ಮಗ್ಗದ ಗಂಟುಮೂಟೆಯ ಪಕ್ಕಕ್ಕೇ ಮೊಳೆ ಹೊಡೆದು ಅದನ್ನು ಕೂರಿಸಿದವನು ಮಲೀಕಸಾಬ. ಖೋಲಿಯಲ್ಲಿ ಗುಂಡಿ ಒತ್ತಿದರೆ ಇಲ್ಲಿ ಕರ್ರೆಂದು ಹೊಡೆದುಕೊಳ್ಳುತ್ತಿತ್ತು.

ಆಮೇಲಿನ ಎರಡೂವರೆ ವರ್ಷ ಆ ಗಂಟೆಯದೇ ರಾಜ್ಯ. ಹುಡುಗರು ಬೆಳಿಗ್ಗೆ ಏಳಕ್ಕೆ ಬಂದರೂ ಕರ್ರ್. ಶಿವಸಂಗಪ್ಪ ಸ್ನಾನಕ್ಕೆ ನೀರು ತೋಡಿಕೊಂಡರೂ ಕರ್ರ್. ರೊಟ್ಟಿ ಮುರಿದು ಮೊದಲ ತುತ್ತು ಬಾಯಿಗಿಟ್ಟರೂ ಕರ್ರ್. ಲಕ್ಕವ್ವನ ತವರು ಗುಳೇದಗುಡ್ಡ, ಬಸ್ಸಿನಲ್ಲಿ ಒಂದು ತಾಸಿನ ಹಾದಿ. ಅಲ್ಲಿಗೆ ಅವಳು ಒಬ್ಬಳೇ ಹೋಗಿ ಒಬ್ಬಳೇ ಬರತೊಡಗಿದಳು. "ಅಳಿಯಾ ಎಲ್ಲಿ?" ಎಂದು ಕೇಳಿದವರಿಗೆ, "ಅವರನ್ನ ವೈರಿಗೆ ಕಟ್ಟ್ಯಾರ, ಬಿಚ್ಚಿದ ಮ್ಯಾಲ ಬರ್ತಾರ" ಎಂದು ನಗುನಗುತ್ತಲೇ ಹೇಳುತ್ತಿದ್ದಳು.

ಒಮ್ಮೆ ಮಾತ್ರ ಹಟ ಹಿಡಿದು ಗಂಡನನ್ನು ಬಾದಾಮಿಗೆ ಎಳೆದೊಯ್ದಿದ್ದಳು. ಭಾನುವಾರ, ಖೋಲಿಗೆ ಬೀಗ. ಹೊಂಡದ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದರು. ಕೆಂಪು ಬಂಡೆಯ ನೆರಳು ನೀರಿನಲ್ಲಿ ಅಲ್ಲಾಡುತ್ತಿತ್ತು. ಲಕ್ಕವ್ವ ಶೇಂಗಾ ಚಟ್ನಿಗೆ ಎಣ್ಣೆ ಹಾಕಿ ಕಲಸುತ್ತಿರುವಾಗ ಮೇಲಿನ ಮೆಟ್ಟಿಲಲ್ಲಿ ಏದುಸಿರು ಬಿಡುತ್ತ ಮಲೀಕಸಾಬ ನಿಂತಿದ್ದ.

"ಮಾಫ್ ಮಾಡ್ರಿ ಅಕ್ಕಾರ. ದೊಡ್ಡ ಸಾಹೇಬ್ರು ಪಾವಣ್ಯಾರನ್ನ ಕರಕೊಂಡ್ ಬಂದಾರ. ನಕ್ಷೆ ತೋರಸ್ಬೇಕಂತ. ಯಾವ ಖಾನ್ಯಾಗ ಏನೈತಿ ಯಾರಿಗೂ ಗೊತ್ತಿಲ್ಲ."

ಲಕ್ಕವ್ವ ಎರಡು ರೊಟ್ಟಿಗೆ ಚಟ್ನಿ ಸವರಿ ಸುರುಳಿ ಸುತ್ತಿ, ಒಂದನ್ನು ಗಂಡನ ಕೈಗೆ, ಒಂದನ್ನು ಮಲೀಕಸಾಬನ ಕೈಗೆ ಕೊಟ್ಟಳು. ಬಸ್ಸಿನಲ್ಲಿ ರೊಟ್ಟಿ ತಿನ್ನುತ್ತ ಶಿವಸಂಗಪ್ಪನಿಗೆ ಕೆರೂರಿನ ಮದುವೆ ನೆನಪಾಯಿತು. ಆ ದಿನ ಅವನ ತಾಯಿ ಹಂಡೆಯ ಮುಂದೆ ಕೂತು ಒಂದೇ ಲಡಿಯ ಗಂಟನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡುತ್ತಿದ್ದಳು. ಹೊಗೆಗೆ ಕಣ್ಣಲ್ಲಿ ನೀರು ಬಂದಿದೆ ಅಂದುಕೊಂಡಿದ್ದ ಅವನು.

೧೯೮೮ರ ಶ್ರಾವಣ. ಕರೆಂಟಿನ ಕಂಬ ಬದಲಿಸುತ್ತೇವೆ, ಸೋಮವಾರ ಇಡೀ ದಿನ ವಿದ್ಯುತ್ತಿಲ್ಲ ಎಂದು ಮೊದಲೇ ತಿಳಿಸಿದ್ದರು. "ಮಿಷನ್ ಸತ್ತ ದಿನ ನನ್ನ ಗಂಡ ಹುಟ್ಟತಾನ" ಎಂದು ಮೌಲಾಬಿಗೆ ಹೇಳಿ, ಲಕ್ಕವ್ವ ಅವನನ್ನು ಕೂಡಲಸಂಗಮದ ಬಸ್ಸು ಹತ್ತಿಸಿದಳು.

ಹೊಳೆ ತುಂಬಿತ್ತು. ಕೃಷ್ಣೆ ಯಾವುದು ಮಲಪ್ರಭೆ ಯಾವುದು ಹೇಳಲಾಗದ ಹಾಗೆ ಒಂದೇ ಬಣ್ಣದ ನೀರು. ಗುಡಿಯ ಹೊರಗೆ ಬೇವಿನ ಮರದ ಕೆಳಗೆ ಚಪ್ಪಲಿ ಕಾಯುವ ಮುದುಕಿ ಲಗಮವ್ವ ಕೂತಿದ್ದಳು. ಅವಳ ಮುಂದಿನ ಕಟ್ಟೆಯ ಮೇಲೆ ಸುಣ್ಣದ ಗೆರೆ ಎಳೆದು ಮಾಡಿದ ಖಾನೆಗಳು, ಖಾನೆಗೊಂದು ಅಂಕಿ. ಹಿಂದಿನ ಹಲಗೆಯಲ್ಲಿ ಸಾಲಾಗಿ ಮೊಳೆ, ಮೊಳೆಗೆ ತೂಗುಹಾಕಿದ ತಗಡಿನ ಬಿಲ್ಲೆಗಳು. ಗಂಡಹೆಂಡಿರು ದರ್ಶನ ಮುಗಿಸಿ ಬಂದು ಬಿಲ್ಲೆ ಕೊಟ್ಟಾಗ ಲಗಮವ್ವ ಲಕ್ಕವ್ವನ ಮುಖವನ್ನೊಮ್ಮೆ ನೋಡಿದಳು.

"ಏ ತಂಗೀ, ಒಂದೀಟು ಇಲ್ಲಿ ಕುಂದರ್ತೀಯೇನ? ನಾ ಹೊಳಿಗೆ ಹೋಗಿ ಒಂದ್ ಮುಳುಗು ಹಾಕಿ ಬರ್ತೇನಿ. ಮುಂಜಾನಿಂದ ಎದ್ದಿಲ್ಲ, ಸೊಂಟ ಹಿಡದೈತಿ."

"ಅಯ್ಯ, ನನಗಿಲ್ಲಿ ಯಾರ ಗುರ್ತೂ ಇಲ್ಲಬೇ ಯಮ್ಮಾ."

"ನನಗರೆ ಎಲ್ಲೈತಿ? ಗುರ್ತು ತೊಗೊಂಡು ಏನ್ ಉಪ್ಪಿನಕಾಯಿ ಹಾಕ್ತೀಯೇನ? ಬಿಲ್ಲಿ ಕೊಡು, ಬಿಲ್ಲಿ ಇಸ್ಕೋ. ಒಂದ ಮನೀ ಮಂದಿ ಬಂದ್ರ ಚಪ್ಪಲಿ ಎಲ್ಲಾ ಒಂದ ಖಾನ್ಯಾಗ ಇಡು, ತಲಿಗೊಂದು ಬಿಲ್ಲಿ ಕೊಡು. ಅಷ್ಟೂ ಬಿಲ್ಲಿ ಮೊಳಿಗೆ ಹೊಳ್ಳಿ ಬರೂತನಾ ಆ ಖಾನಿ ಬ್ಯಾರೇದವರಿಗೆ ಕೊಡಬ್ಯಾಡ. ಕಟಿಗಿ ಬಿಲ್ಲಿ ತಂದವರನ್ನ ನಂಬಬ್ಯಾಡ. ಕಟಿಗೀದು ನಿನ್ನೆದು, ಇವತ್ತಿಂದು ತಗಡಿಂದು. ಮುಗೀತು."

ಅಷ್ಟು ಹೇಳಿ ಸೆರಗು ಸಿಕ್ಕಿಸಿಕೊಂಡು ಹೊಳೆಗೆ ಹೊರಟೇಬಿಟ್ಟಳು. ಅರ್ಧ ತಾಸು ತಿರುಗಿ ನೋಡಲಿಲ್ಲ.

ಶಿವಸಂಗಪ್ಪ ಬೇವಿನ ಬೊಡ್ಡೆಗೆ ಒರಗಿ ನೋಡುತ್ತ ಕೂತ. ಲಕ್ಕವ್ವ ಹುಟ್ಟಿದಾಗಿನಿಂದ ಅದೇ ಕೆಲಸ ಮಾಡಿದವಳ ಹಾಗೆ ಬಿಲ್ಲೆ ಕೊಟ್ಟಳು, ಇಸಿದುಕೊಂಡಳು. ಒಂದು ಮನೆಯ ನಾಲ್ವರು ಬಂದು ಚಪ್ಪಲಿ ಬಿಟ್ಟು ಹೋದರು. ಆ ನಾಲ್ವರಲ್ಲಿ ತಲೆಗೆ ಹಸಿರು ಪಟಗ ಸುತ್ತಿದವನೊಬ್ಬ ಬೇಗ ಬಂದು ತನ್ನ ಬಿಲ್ಲೆ ಕೊಟ್ಟು ತನ್ನ ಜೋಡು ಮೆಟ್ಟಿ ಹೋದ. ಅಷ್ಟರಲ್ಲಿ ಬೇರೆ ಮನೆಯವನೊಬ್ಬ ಬಂದು ಅದೇ ಖಾನೆಯಲ್ಲಿ ತನ್ನ ಚಪ್ಪಲಿ ಬಿಡಲು ಹೋದ, "ಇಲ್ಲಿದ್ದಾಂವ ಹ್ವಾದನಲ್ಲವಾ" ಎಂದ. ಲಕ್ಕವ್ವ ಅವನ ಮುಖವನ್ನೂ ನೋಡಲಿಲ್ಲ, ಹೋದವನ ಬೆನ್ನನ್ನೂ ನೋಡಲಿಲ್ಲ. ಮೊಳೆಯನ್ನು ನೋಡಿದಳು. "ಇನ್ನ ಮೂರು ಬಿಲ್ಲಿ ಬರೂದೈತ್ರೀ ಯಪ್ಪಾ, ಆ ಕಡಿ ಖಾನ್ಯಾಗ ಬಿಡ್ರಿ."

ಶಿವಸಂಗಪ್ಪ ಬೊಡ್ಡೆಯಿಂದ ಬೆನ್ನೆತ್ತಿ ನೆಟ್ಟಗೆ ಕೂತ.

ಲಗಮವ್ವ ಹಸಿ ಸೀರೆಯಲ್ಲಿ ಬಂದು ಕೂತ ಮೇಲೆ, ಬಸ್ಸಿಗೆ ನಡೆದು ಹೋಗುವಾಗ ಹೆಂಡತಿಯನ್ನು ಕೇಳಿದ. "ಆ ಹಸರ ಪಟಗದಾಂವ ಯಾರು?"

"ಯಾರಿಗ್ಗೊತ್ರೀ."

"ಮತ್ತ ಅವನ ಚಪ್ಪಲಿ ಅವಗ ಹ್ಯಾಂಗ ಕೊಟ್ಟಿ?"

"ನೀವು ಏನ್ ಮಾತಂತ ಆಡ್ತೀರಿ? ಬಿಲ್ಲಿ ತಂದ್ರು, ಕೊಟ್ಟೆ. ಅವರ ಕುಲಾ ಗೋತ್ರಾ ಕೇಳ್ಬೇಕಿತ್ತೇನು?"

ಅವನು ಹಾದಿಯ ನಡುವೆ ನಿಂತುಬಿಟ್ಟ. "ಮುತ್ತಪ್ಪನ ಬಿಲ್ಲಿ ಹೊಳ್ಳಿ ಬಂದಿತ್ತು ಲಕ್ಕಿ. ಪ್ಲಾಟರಿನ ಬಿಲ್ಲಿ ಬಂದಿದ್ದಿಲ್ಲ. ನಾ ಮಾರಿ ನೋಡಿದೆ, ಮೊಳಿ ನೋಡ್ಲಿಲ್ಲ. ಅವತ್ತ ತಪ್ಪಿದ್ದು ನನ್ನ ಕಣ್ಣಲ್ಲ. ಕಣ್ಣಿಗೆ ಅಲ್ಲಿ ಕೆಲಸನ ಇರಬಾರದಿತ್ತು."

ಲಕ್ಕವ್ವನಿಗೆ ಪ್ಲಾಟರ್ ಗೊತ್ತಿಲ್ಲ. ಆದರೆ ಗಂಡನ ದನಿ ಗೊತ್ತು. ಮೆಲ್ಲಗೆ, "ಅಂದ್ರ ಮಗ್ಗ ಇಳಸೂದೇನ್ರಿ?" ಎಂದು ಕೇಳಿದಳು. ನಾಲ್ಕು ವರ್ಷದಲ್ಲಿ ಅವಳು ಕೇಳಿದ್ದು ಅದೊಂದೇ ಸಲ.

ಮೂರು ತಿಂಗಳು ಕೂತು ಶಿವಸಂಗಪ್ಪ ಆ ಪ್ರೋಗ್ರಾಮು ಬರೆದ. ಹುಡುಗ ಖಾನೆ ಕೇಳಿದರೆ ಯಂತ್ರವೇ ಒಂದು ಖಾಲಿ ಖಾನೆ ಹುಡುಕಿ, ಪರದೆಯ ಮೇಲೆ ಒಂದು ಅಂಕಿಯ ಬಿಲ್ಲೆ ಕೊಡಬೇಕು. ಪ್ಲಾಟರಿಗೂ ಬೇರೆ ಬಿಲ್ಲೆ. ಒಂದೇ ನಕ್ಷೆಯನ್ನು ಇಬ್ಬರು ನೋಡುತ್ತಿದ್ದರೆ ಇಬ್ಬರಿಗೂ ಒಂದೊಂದು. ಎಲ್ಲ ಬಿಲ್ಲೆ ಹಿಂದಕ್ಕೆ ಬಂದ ಮೇಲೆಯೇ ಖಾನೆ ಖಾಲಿ. ಖಾನೆ ಹೊಸಬರ ಕೈಗೆ ಹೋದಾಗ ಬಿಲ್ಲೆಯ ಅಂಕಿ ಬೇರೆ, ಹಳೆಯ ಅಂಕಿ ಹಿಡಿದು ಬಂದವನಿಗೆ, ಕಟ್ಟಿಗೆಯ ಬಿಲ್ಲೆ ತಂದವನಿಗೆ ಹೇಳಿದ ಹಾಗೆ, ಇದು ನಿನ್ನೆಯದು ಎಂಬ ಉತ್ತರ. ಬಿಲ್ಲೆ ಕೊಡದೆ ಎದ್ದು ಹೋದ ಹುಡುಗನ ಪರದೆ ಆರಿಸಿದರೆ ಅವನ ಬಿಲ್ಲೆಗಳೆಲ್ಲ ತಾವಾಗಿ ಮೊಳೆಗೆ.

ಬರೆಯುವುದು ಕಷ್ಟವಾಗಲಿಲ್ಲ. 'ನೀನು ಯಾರು' ಎಂದು ಕೇಳುವ ಸಾಲನ್ನು ಅಳಿಸುವುದು ಕಷ್ಟವಾಯಿತು. ಎರಡು ಸಲ ಅಳಿಸಿ ಎರಡು ಸಲವೂ ಮತ್ತೆ ಬರೆದ. ಆ ಸಾಲು ಇದ್ದರೆ ಯಂತ್ರಕ್ಕೆ ಮುಖ ಬಲ್ಲವನೊಬ್ಬ ಬೇಕೇ ಬೇಕು. ಮೂರನೆಯ ಸಲ ಕಣ್ಣು ಮುಚ್ಚಿ ಅಳಿಸಿದ.

ದೊಡ್ಡ ಸಾಹೇಬರಿಗೆ ನಂಬಿಕೆ ಬರಲಿಲ್ಲ. "ಹಂಗಾರ ಒಂದ್ ವಾರ ನೀವು ಖೋಲಿಗೆ ಕಾಲಿಡಬ್ಯಾಡ್ರಿ, ಮನ್ಯಾಗ ಕೂಡ್ರಿ. ಏನಾರ ಆದ್ರ ಗಂಟಿ ಐತೆಲ್ಲ" ಎಂದರು.

ಆ ವಾರದಷ್ಟು ಉದ್ದದ ವಾರವನ್ನು ಶಿವಸಂಗಪ್ಪ ಕಂಡಿರಲಿಲ್ಲ. ಮೊದಲ ದಿನ ಗಂಟೆ ಹೊಡೆಯಲಿಲ್ಲ. ಎರಡನೆಯ ದಿನವೂ ಇಲ್ಲ. ಅವನು ಸ್ಟೂಲು ಹತ್ತಿ ವೈರು ಜಗ್ಗಿ ನೋಡಿದ. ಕಿಟಕಿಯಿಂದ ಮಲೀಕಸಾಬನನ್ನು ಕರೆದು, "ಗುಂಡಿ ಕೆಟ್ಟೈತೇನು ನೋಡ್ರಿ" ಎಂದ. ಮಲೀಕಸಾಬ ಹೋಗಿ ಒತ್ತಿದ, ಗಂಟೆ ಕರ್ರೆಂದಿತು, ಸ್ಟೂಲಿನ ಮೇಲಿದ್ದ ಶಿವಸಂಗಪ್ಪ ಬೀಳುವುದೊಂದು ಬಾಕಿ. ನಾಲ್ಕನೆಯ ದಿನ ಉಣ್ಣುವಾಗ ಗಂಟೆ ಹೊಡೆಯಿತು. ಎಂಜಲು ಕೈಯಲ್ಲೇ ಓಡಿದ. ಬಾಗಿಲಲ್ಲಿ ಮಲೀಕಸಾಬ ಹಲ್ಲು ಕಿರಿದು ನಿಂತಿದ್ದ. "ಸರ, ಚಾಕ್ಕ ಸಕ್ರಿ ತೀರೇತಿ. ಅಕ್ಕಾರು ಒಂದ್ ಮುಷ್ಟಿ ಕೊಡ್ತಾರೇನ್ರಿ?"

ಅವನ ಹೆಗಲ ಮೇಲಿಂದ ಶಿವಸಂಗಪ್ಪ ಖೋಲಿಯೊಳಗೆ ಇಣುಕಿದ. ನಾಲ್ಕು ಪರದೆಯ ಮುಂದೆ ನಾಲ್ವರು ಹುಡುಗರು. ಒಬ್ಬನೂ ತಲೆಯೆತ್ತಲಿಲ್ಲ. ಪ್ಲಾಟರಿನ ಪೆನ್ನು ತನ್ನ ಪಾಡಿಗೆ ಗೆರೆ ಎಳೆಯುತ್ತಿತ್ತು. ಅವನ ಖಾಲಿ ಕುರ್ಚಿಯ ಮೇಲೆ ಯಾರದೋ ಟೊಪ್ಪಿಗೆ. ಸಂತೋಷವಾಗಬೇಕಿತ್ತು. ಸಕ್ಕರೆಯ ಮಾತನ್ನೂ ಮರೆತು, ಎಂಜಲು ಕೈ ಒಣಗುವವರೆಗೆ ಅವನು ಬಾಗಿಲಲ್ಲೇ ನಿಂತ.

ವಾರ ಮುಗಿದಾಗ ದೊಡ್ಡ ಸಾಹೇಬರು ಕರೆಸಿದರು. "ಶಿವಸಂಗಪ್ಪ, ನಿಮ್ಮ ಕುರ್ಚಿನ ನೀವು ಅಳಿಸಿಬಿಟ್ರೆಲ್ಲರೀ" ಎಂದು ನಕ್ಕರು. ಆಮೇಲೆ ದನಿ ಇಳಿಸಿ, "ಮುಂದಿನ ವರ್ಷ ಇದಕ್ಕಿಂತ ದೊಡ್ಡ ಮಿಷನ್ ಬರತೈತಿ. ಅರವತ್ನಾಲ್ಕು ಖಾನಿ. ಕಂಪನಿಯವರು ಈ ಸಲಾನೂ ಏನೂ ಕೊಡೂದಿಲ್ಲಂತ. ನೀವು ಇರ್ರಿ. ಕ್ವಾರ್ಟರ್ಸ್ ನಿಮ್ಮದ ಇರ್ಲಿ, ಪ್ರಮೋಷನ್ ನಾ ಮಾಡಸ್ತೇನಿ. ನೀವಿಲ್ಲಂದ್ರ ನಡ್ಯೂದಿಲ್ಲ."

ನೀವಿಲ್ಲದಿದ್ದರೆ ನಡೆಯುವುದಿಲ್ಲ. ಆ ಮಾತಿನ ರುಚಿ ಅವನಿಗೆ ಎಳವೆಯಿಂದ ಗೊತ್ತು. ಹೂಂ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. "ನಾಳಿ ಹೇಳ್ತೇನ್ರಿ" ಎಂದು ಎದ್ದು ಬಂದ.

ಮನೆಯಲ್ಲಿ ಲಕ್ಕವ್ವ ನೆಲದ ಮೇಲೆ ಕೂತು ಲಾಳಿಗೆ ಎಣ್ಣೆ ಒರೆಸುತ್ತಿದ್ದಳು. ಯುಗಾದಿಗೆ ಇನ್ನೂ ಎಷ್ಟೋ ದಿನವಿತ್ತು. ಅವನನ್ನು ಕಂಡು ಲಾಳಿಯನ್ನು ಸೆರಗಿನ ಮರೆಗೆ ಸರಿಸಿದಳು, ಕದ್ದು ತಿನ್ನುವವರು ಬಾಯಿ ಮುಚ್ಚಿಕೊಂಡ ಹಾಗೆ. ಗಂಟನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡುತ್ತಿದ್ದ ತಾಯಿಯ ಬೆರಳುಗಳು ಶಿವಸಂಗಪ್ಪನ ಕಣ್ಣ ಮುಂದೆ ಬಂದವು. ಚಪ್ಪಲಿ ಬಿಡಲಿಲ್ಲ, ಕೂರಲಿಲ್ಲ. ಬಂದ ಹೆಜ್ಜೆಯಲ್ಲೇ ತಿರುಗಿ ಹೋಗಿ ದೊಡ್ಡ ಸಾಹೇಬರಿಗೆ ಒಲ್ಲೆ ಎಂದು ಹೇಳಿ ಬಂದ. ಹುನಗುಂದದ ಒಂದು ಹೈಸ್ಕೂಲಿಗೆ ಗಣಿತದ ಮಾಸ್ತರು ಬೇಕಾಗಿದ್ದರು. ಇಳಕಲ್ಲಿನಿಂದ ಅರ್ಧ ತಾಸಿನ ಬಸ್ಸು, ಆ ಕೆಲಸ ಹಿಡಿದ.

೧೯೮೯ರ ಯುಗಾದಿಗೆ ಮೂರು ದಿನ ಇರುವಾಗ ಮನೆ ಖಾಲಿಯಾಯಿತು. ಭಾಂಡೆ, ಹಾಸಿಗೆ ಎಲ್ಲ ಟೆಂಪೋ ಸೇರಿದವು. ಅಟ್ಟದಿಂದ ಮಗ್ಗ ಇಳಿಯುವುದನ್ನು ನೋಡಲು ನಳದ ಮಂದಿಯೆಲ್ಲ ಬಂದರು. ಮೌಲಾಬಿ ಗೋಣಿಚೀಲದ ಧೂಳು ಕೊಡವಿ, "ಸವತೀನ ಬಿಟ್ಟು ಹೊಂಟಿ, ಆಕೀಗಿ ಯಾರವಾ ಇನ್ನ?" ಎಂದಳು. ಲಕ್ಕವ್ವ, "ನಿನ್ನ ಗಂಡ ಅದಾನಲ್ಲ" ಎಂದದ್ದೇ ತಡ, ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ನಗಲಾರಂಭಿಸಿ ಅಳುತ್ತ ಮುಗಿಸಿದರು.

ಮಲೀಕಸಾಬ ಮೊದಲೇ ಹೇಳಿಟ್ಟಿದ್ದ. "ನೀವು ಹೊಸ್ತಿಲಾ ದಾಟೂಮುಂದ ಒಂದ್ಸಲ ಗುಂಡಿ ಒತ್ತತೇನ್ರಿ ಸರ. ನನ್ನ ಸಲಾಂ ಅಂತ ತಿಳೀರಿ. ಆಮ್ಯಾಲ ವೈರು ಕಿತ್ತಿಡ್ತೇನಿ."

ಕೊನೆಗೆ ಉಳಿದದ್ದು ನೇಯ್ದ ಸೀರೆ ಸುತ್ತಿಕೊಳ್ಳುವ ಮರದ ದಿಂಡು. ಉದ್ದನೆಯದು, ಒಬ್ಬರಿಂದ ಏಳುವಂಥದ್ದಲ್ಲ. ಮುಂದಿನ ತುದಿ ಲಕ್ಕವ್ವನ ಹೆಗಲಿಗೆ, ಹಿಂದಿನದು ಅವನ ಹೆಗಲಿಗೆ. ಶಿವಸಂಗಪ್ಪ ಒಂದು ಕಾಲನ್ನು ಹೊಸ್ತಿಲ ಆಚೆ ಇಟ್ಟ.

ಕರ್ರ್ ಎಂದಿತು.

ಸಲಾಂ ಎಂದು ಗೊತ್ತಿತ್ತು. ಖೋಲಿಯಲ್ಲಿ ಯಾರಿಗೂ ಏನೂ ಆಗಿಲ್ಲ ಎಂದೂ ಗೊತ್ತಿತ್ತು. ಆದರೂ ಆಚೆ ಇಟ್ಟ ಕಾಲು ಒಳಗೆ ಬಂತು, ಮೈ ಖೋಲಿಯ ಕಡೆ ತಿರುಗಿತು, ಕೈ ದಿಂಡನ್ನು ಬಿಡಲು ಹೊರಟಿತು. ಬಿಟ್ಟರೆ ಭಾರವೆಲ್ಲ ಮುಂದಿನವಳ ಹೆಗಲಿಗೆ.

ಲಕ್ಕವ್ವ ತಿರುಗಿ ನೋಡಲಿಲ್ಲ. ಹೆಗಲನ್ನು ಒಮ್ಮೆ ಸರಿಮಾಡಿಕೊಂಡು, "ಹಿಡಕೊಂಡೀರಿಲ್ಲೋ?" ಎಂದಳು.

ಗಂಟೆ ಇನ್ನೂ ಹೊಡೆದುಕೊಳ್ಳುತ್ತಿತ್ತು. "ಹಿಡಕೊಂಡೇನಿ" ಎಂದ ಶಿವಸಂಗಪ್ಪ. ಅವಳು ಮುಂದೆ ನಡೆದಳು. ದಿಂಡು ಅವನನ್ನು ಎಳೆಯಿತು. ಅವನು ಹೊಸ್ತಿಲು ದಾಟಿದ.